ಪ್ರೇರಿಯ ಹಳದಿ ಹೂಗಳನ್ನು ಗುರುತಿಸುವುದು ಹೇಗೆ? ಎಲೆಯಿಂದ ಶುರು ಮಾಡಿ, ಹೂವಿಗೆ ಕೊನೆಗೆ ಬನ್ನಿ

ಜುಲೈ ಕೊನೆಯ ವಾರ ಅಮೆರಿಕದ ಇಲಿನಾಯ್ ರಾಜ್ಯದ ಯಾವುದಾದರೂ ಪ್ರೇರಿಯಲ್ಲಿ, ಅಂದರೆ ಅಲ್ಲಿನ ಬಯಲು ಹುಲ್ಲುಗಾವಲಿನಲ್ಲಿ ಹೋಗಿ ನಿಲ್ಲಿ. ಎದೆಮಟ್ಟದ ಹುಲ್ಲು, ಅದರ ಮೇಲೆಲ್ಲ ಹಳದಿ. ದೂರದಿಂದ ನೋಡಿದರೆ ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ ಹೊಲ ನೆನಪಾಗುತ್ತದೆ. ಆದರೆ ಅಲ್ಲಿ ಇರುವುದು ಒಂದೇ ಗಿಡ. ಇಲ್ಲಿ ನಿಂತ ಜಾಗದಿಂದ ಕದಲದೆ ಆರೇಳು ಬೇರೆ ಬೇರೆ ಹಳದಿ ಹೂಗಳನ್ನು ಎಣಿಸಬಹುದು. ಮೊದಲ ಸಲ ನೋಡುವವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕಾಡು ಸೂರ್ಯಕಾಂತಿ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ನಾನೂ ಎರಡು ಬೇಸಿಗೆ ಹಾಗೇ ಕಳೆದೆ.

ಇದು ಕಲಿತವರಿಗೂ ಕಷ್ಟದ ಗುಂಪೇ. ಅಮೆರಿಕದ ಸಸ್ಯತಜ್ಞರು ತಮ್ಮತಮ್ಮಲ್ಲೇ ಇದನ್ನು 'ಡಿವೈಸಿ' ಅನ್ನುತ್ತಾರೆ. ಹಾಳಾದ ಹಳದಿ ಕಾಂಪೊಸಿಟ್‌ಗಳು ಅಂತ ಅದರ ಅರ್ಥ. ಕಾಂಪೊಸಿಟ್ ಅಂದರೆ ಸೂರ್ಯಕಾಂತಿ ಕುಟುಂಬದ ಗಿಡ. ಕಷ್ಟ ಎಲ್ಲಿದೆ ಅಂದರೆ, ನಾವು ಹೂವನ್ನೇ ನೋಡುತ್ತಾ ನಿಂತುಬಿಡುತ್ತೇವೆ. ಹೂಗಳು ಒಂದನ್ನೊಂದು ಹೋಲುತ್ತವೆ. ಎಲೆ ಮತ್ತು ದಂಟು ಹಾಗಲ್ಲ, ಒಂದೊಂದು ಗಿಡದ್ದೂ ಬೇರೆಯೇ. ಅದಕ್ಕೇ ನನ್ನ ಕ್ರಮ ಇಷ್ಟೆ: ತಿಂಗಳು, ಎಲೆ, ದಂಟು ಇವನ್ನು ಮೊದಲು ನೋಡುವುದು, ಹೂವನ್ನು ಕೊನೆಗೆ ನೋಡುವುದು.

ಎಲ್ಲಿಗೆ ಹೋಗಬೇಕು

ಇಲಿನಾಯ್‌ಗೆ 'ಪ್ರೇರಿ ರಾಜ್ಯ' ಅನ್ನುವ ಹೆಸರೇ ಇದೆ. ಒಂದು ಕಾಲಕ್ಕೆ ಇಲ್ಲಿ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. ಈ ನೆಲದ ಬೇರು ಎಷ್ಟು ದಟ್ಟವಾಗಿ ಹೆಣೆದುಕೊಂಡಿತ್ತು ಅಂದರೆ ಮೊದಲು ಬಂದ ರೈತರ ನೇಗಿಲಿಗೆ ಅದು ಬಗ್ಗಲಿಲ್ಲ. ಜಾನ್ ಡೀರ್ ಅನ್ನುವ ಕಮ್ಮಾರ 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಊರಿನಲ್ಲಿ ಉಕ್ಕಿನ ನೇಗಿಲು ಮಾಡಿದ. ಜಿಗುಟು ಮಣ್ಣು ಅದಕ್ಕೆ ಮೆತ್ತಿಕೊಳ್ಳುತ್ತಿರಲಿಲ್ಲ. ಆಮೇಲೆ ಎಲ್ಲ ಮೆಕ್ಕೆಜೋಳ, ಸೋಯಾ ಹೊಲ ಆಯಿತು. ಈಗ ಉತ್ತಿರದ ಮೂಲ ಪ್ರೇರಿ ಸಾವಿರಕ್ಕೆ ಒಂದೆಕರೆಯೂ ಉಳಿದಿಲ್ಲ. ಉಳಿದಿರುವುದೂ ಹಳೇ ಸ್ಮಶಾನಗಳ ಮೂಲೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ. ನೇಗಿಲು ಹೋಗದ ಜಾಗ ಅಷ್ಟೇ ತಾನೇ?

ಕಲಿಯುವುದಕ್ಕೆ ಮತ್ತೆ ನೆಟ್ಟು ಬೆಳೆಸಿದ ಪ್ರೇರಿಗಳೇ ಅನುಕೂಲ. ಶಿಕಾಗೋ ಕಡೆ ಇರುವವರಿಗೆ ಲೈಲ್‌ನ ಮಾರ್ಟನ್ ಆರ್ಬೊರೇಟಮ್ ಒಳಗೆ ಶುಲೆನ್‌ಬರ್ಗ್ ಪ್ರೇರಿ ಇದೆ, 1962ರಲ್ಲಿ ಶುರುವಾದದ್ದು. ಬಟೇವಿಯಾದ ಫರ್ಮಿಲ್ಯಾಬ್‌ನಲ್ಲಿ 1975ರಿಂದ ಕಣ ವೇಗವರ್ಧಕದ ಉಂಗುರದ ಒಳಗಿನ ನೆಲದಲ್ಲೇ ಪ್ರೇರಿ ಬೆಳೆಸಿದ್ದಾರೆ. ಜೋಲಿಯೆಟ್ ಹತ್ತಿರ ಮದ್ದುಗುಂಡಿನ ಕಾರ್ಖಾನೆ ಇದ್ದ ಜಾಗದಲ್ಲಿ 1996ರಲ್ಲಿ ಮಿಡೇವಿನ್ ರಾಷ್ಟ್ರೀಯ ಪ್ರೇರಿ ಆಯಿತು, ಅಲ್ಲಿ ಈಗ ಬೈಸನ್ ಅನ್ನುವ ಅಮೆರಿಕದ ಕಾಡೆಮ್ಮೆಗಳೂ ಇವೆ. ವಿಸ್ಕಾನ್ಸಿನ್ ಕಡೆಯವರಿಗೆ ಮ್ಯಾಡಿಸನ್‌ನ ಕರ್ಟಿಸ್ ಪ್ರೇರಿ ಹತ್ತಿರ. ಹೀಗೆ ಮತ್ತೆ ಬೆಳೆಸಿದ ಪ್ರೇರಿಗಳಲ್ಲಿ ಅತ್ಯಂತ ಹಳೆಯದು ಅದೇ, 1930ರ ದಶಕದ್ದು.

ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಹುಲ್ಲಿನಲ್ಲಿ ಉಣ್ಣಿ ಇರುತ್ತದೆ. ಮಂಗನ ಕಾಯಿಲೆಯ ಭಯ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಉಣ್ಣಿ ಹರಡುವುದು ಲೈಮ್ ಕಾಯಿಲೆ. ಮನೆಗೆ ಬಂದ ತಕ್ಷಣ ಮೈ ಪೂರ್ತಿ ನೋಡಿಕೊಳ್ಳಿ. ದಾರಿ ಬಿಟ್ಟು ಒಳಗೆ ನುಗ್ಗಬೇಡಿ, ಹೂ ಕೀಳಬೇಡಿ. ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ಚಿಕ್ಕ ನೋಟ್‌ಬುಕ್ ಇದ್ದರೆ ಸಾಕು.

ಹೆಜ್ಜೆ 1: ತಿಂಗಳು ನೋಡಿ

ಇದೊಂದರಿಂದಲೇ ಅರ್ಧ ಪಟ್ಟಿ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ಹುಲ್ಲು ಇನ್ನೂ ಮೊಣಕಾಲು ಮುಟ್ಟಿರುವುದಿಲ್ಲ, ಹೂಗಳೂ ಕುಳ್ಳ. ಛತ್ರಿಯಂಥ ಗೊಂಚಲಿನ ಗೋಲ್ಡನ್ ಅಲೆಕ್ಸಾಂಡರ್ಸ್, ಕಿತ್ತಳೆ ಬೆರೆತ ಹಳದಿಯ ಹೋರಿ ಪಕೂನ್, ಹುಲ್ಲಿನಂಥ ಎಲೆಯ ನಡುವೆ ಆರು ಎಸಳಿನ ಪುಟ್ಟ ನಕ್ಷತ್ರದಂತೆ ಕಾಣುವ ಯೆಲ್ಲೋ ಸ್ಟಾರ್‌ಗ್ರಾಸ್ ಆಗ ಸಿಗುತ್ತವೆ. ಜೂನ್‌ನಲ್ಲಿ ಕೋರಿಯಾಪ್ಸಿಸ್ ಮತ್ತು ಬ್ಲ್ಯಾಕ್ ಐಡ್ ಸೂಸನ್ ಬರುತ್ತವೆ. ಜುಲೈ, ಆಗಸ್ಟ್ ಎತ್ತರದ ಗಿಡಗಳ ಕಾಲ. ಸೆಪ್ಟೆಂಬರ್ ಅಂದರೆ ಗೋಲ್ಡನ್‌ರಾಡ್ ಮತ್ತು ಕೊನೆಯ ಕಾಡು ಸೂರ್ಯಕಾಂತಿಗಳು.

ಗಿಡದ ಎತ್ತರವೂ ಹುಲ್ಲಿನ ಜೊತೆಗೇ ಏರುತ್ತದೆ. ಬಿಸಿಲು ಸಿಗಬೇಕಲ್ಲ. ಹಾಗಾಗಿ ಮೇ ತಿಂಗಳಲ್ಲಿ ಪ್ರೇರಿಯಲ್ಲಿ ನಿಮ್ಮ ತಲೆಯ ಮಟ್ಟದಲ್ಲಿ ಹಳದಿ ಹೂ ಕಂಡರೆ ಅದು ಪ್ರೇರಿಯದ್ದಲ್ಲ ಅಂತಲೇ ಅನುಮಾನ ಪಡಿ.

ಹೆಜ್ಜೆ 2: ಅದು ಒಂದು ಹೂವೋ, ಹೂಗಳ ಗುಂಪೋ?

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ ಇವೆಲ್ಲ ನಾವು ಒಂದು ಹೂ ಅಂದುಕೊಳ್ಳುವ ಗುಂಪುಗಳು. ಸುತ್ತ ಕಾಣುವ ಒಂದೊಂದು ಎಸಳೂ ಒಂದು ಹೂ, ನಡುವಿನ ತಟ್ಟೆಯಲ್ಲಿ ಇರುವ ಒಂದೊಂದು ಚುಕ್ಕೆಯೂ ಒಂದು ಹೂ. ನಡುವೆ ತಟ್ಟೆ, ಸುತ್ತ ಎಸಳು ಇದ್ದರೆ ನೇರ ಹೆಜ್ಜೆ 3ಕ್ಕೆ ಹೋಗಿ.

ಇಲ್ಲದಿದ್ದರೆ ನಿಮ್ಮ ಕೆಲಸ ಸುಲಭ. ಎಸಳು ಎಣಿಸಿ. ನಾಲ್ಕು ಅಗಲ ಎಸಳು, ನಡುವೆ ಗುಣಾಕಾರ ಚಿಹ್ನೆಯಂಥ ಶಲಾಕೆ, ಸಂಜೆ ಅರಳಿ ಬೆಳಗ್ಗೆ ಬಿಸಿಲೇರಿದ ಮೇಲೆ ಬಾಡುತ್ತದೆ ಅಂದರೆ ಅದು ಈವ್ನಿಂಗ್ ಪ್ರಿಮ್‌ರೋಸ್. ನಮ್ಮ ಸಂಜೆಮಲ್ಲಿಗೆ ಹಾಗೇ ಪತಂಗಗಳಿಗೆ ಕಾಯುವ ಹೂ.

ಐದು ಎಸಳು, ಹುಣಸೆ ಎಲೆಯಂಥ ಸಣ್ಣ ಸಣ್ಣ ಎಲೆ ಇದ್ದರೆ ಪಾರ್ಟ್ರಿಡ್ಜ್ ಪೀ. ಈ ಹೂ ನನಗೆ ಬಹಳ ಇಷ್ಟ. ಒಮ್ಮೆ ಆಗಸ್ಟ್‌ನಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಾಗ ಕಾಲುದಾರಿಯ ಪಕ್ಕದ ಮರಳು ನೆಲದಲ್ಲಿ ಇದು ಹರಡಿಕೊಂಡಿತ್ತು. ಅಮ್ಮ ಬಗ್ಗಿ ಎಲೆ ಸವರಿ, "ಇದು ನಮ್ಮ ತಂಗಡಿ ಜಾತಿ ಕಣೇ, ಇಲ್ಲಿಗೆ ಯಾರು ತಂದ್ರು?" ಅಂದರು. ಯಾರೂ ತಂದಿಲ್ಲ, ಇಲ್ಲಿಯದ್ದೇ. ಆದರೆ ಅಮ್ಮ ಹೇಳಿದ ಜಾತಿ ಸರಿ. ತಂಗಡಿ, ಕಕ್ಕೆ ಇದ್ದ ಕ್ಯಾಸಿಯಾ ಗುಂಪಿನಲ್ಲೇ ಇದನ್ನೂ ಮೊದಲು ಸೇರಿಸಿದ್ದರು. ಈಗ ಮೂರಕ್ಕೂ ಬೇರೆ ಬೇರೆ ಮನೆ ಮಾಡಿದ್ದಾರೆ, ನೆಂಟಸ್ತನ ಹಾಗೇ ಇದೆ. ಹತ್ತಿರದಿಂದ ನೋಡಿ: ಎಸಳುಗಳು ಒಂದೇ ಅಳತೆಯಲ್ಲಿಲ್ಲ, ಬುಡದಲ್ಲಿ ಕೆಂಪು ಚುಕ್ಕೆ. ಎಲೆಯ ತೊಟ್ಟಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಒಂದು ಬಟ್ಟಲು, ಅದರಲ್ಲಿ ಸಿಹಿ ರಸ. ಇರುವೆ ಬರುವುದು ಅದಕ್ಕೇ. ಹೂವಿನೊಳಗೆ ಸಿಹಿ ಇಲ್ಲ. ದಪ್ಪ ದುಂಬಿ ಬಂದು ಕೂತು ಜೋರಾಗಿ ಝೇಂಕರಿಸಿದಾಗ ಆ ಅದುರಿಗೆ ಪರಾಗ ಉದುರುತ್ತದೆ. ಪಕ್ಕದಲ್ಲಿ ಕೂತರೆ ಆ ಸದ್ದು ಕೇಳುತ್ತದೆ.

ಮೆಂತ್ಯ ಸೊಪ್ಪಿನ ಹಾಗೆ ಮೂರು ಮೂರು ಎಲೆ, ತೆಳ್ಳನೆ ಹಳದಿ ತೆನೆ ಕಂಡರೆ ಅದು ಯೆಲ್ಲೋ ಸ್ವೀಟ್ ಕ್ಲೋವರ್. ಮೆಂತ್ಯದ ಹತ್ತಿರದ ಸಂಬಂಧಿ ನಿಜ, ಆದರೆ ಇಲ್ಲಿಯದ್ದಲ್ಲ, ಹೊರಗಿನಿಂದ ಬಂದು ಪ್ರೇರಿಯನ್ನು ನುಂಗುತ್ತಿರುವ ಕಳೆ. ದಂಡೇಲಿಯನ್ ಕೂಡ ಹೊರಗಿನದೇ.

ಛತ್ರಿ ಹೂವಿನ ಹತ್ತಿರ ಹುಷಾರು

ಇದನ್ನು ಹೆಜ್ಜೆಗಳ ನಡುವೆ ತುರುಕುವುದು ಬೇಡ, ಬೇರೆಯಾಗಿಯೇ ಹೇಳುತ್ತೇನೆ. ಸಬ್ಬಸಿಗೆ ಸೊಪ್ಪು ಬಲಿತು ಹೂ ಬಿಟ್ಟದ್ದನ್ನು ನೋಡಿದ್ದೀರಲ್ಲ, ಛತ್ರಿ ಕಡ್ಡಿಗಳ ತುದಿಯಲ್ಲಿ ಹಳದಿ ಚುಕ್ಕೆಗಳು. ಅಂಥ ಎರಡು ಗಿಡ ಇಲ್ಲಿವೆ. ಎರಡೂ ಸಬ್ಬಸಿಗೆ, ಕೊತ್ತಂಬರಿ ಕುಟುಂಬದವೇ. ಒಂದು ಇಲ್ಲಿಯದೇ ಆದ ಗೋಲ್ಡನ್ ಅಲೆಕ್ಸಾಂಡರ್ಸ್. ಕಪ್ಪು ಸ್ವಾಲೋಟೇಲ್ ಚಿಟ್ಟೆಯ ಹುಳುಗಳಿಗೆ ಊಟ ಹಾಕುವ ಸಾಧು ಗಿಡ. ಇನ್ನೊಂದು ಯುರೋಪ್ ಕಡೆಯಿಂದ ಬಂದ ವೈಲ್ಡ್ ಪಾರ್ಸ್ನಿಪ್. ಅದರ ರಸ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

ಒಂದು ಜುಲೈನಲ್ಲಿ ಫೋಟೋಗೆ ಅಡ್ಡ ಬಂದ ಒಂದು ದಂಟನ್ನು ಬರಿಗೈಯಲ್ಲಿ ಮುರಿದು ಪಕ್ಕಕ್ಕೆ ಹಾಕಿದೆ. ಅವತ್ತು ಏನೂ ಆಗಲಿಲ್ಲ. ಎರಡನೇ ದಿನ ಮುಂಗೈ ಕೆಂಪಾಗಿ, ಸಂಜೆಗೆ ನೀರುಗುಳ್ಳೆ ಎದ್ದವು. ಒಗ್ಗರಣೆ ಎಣ್ಣೆ ಸಿಡಿದ ಹಾಗೆ ಉರಿ. ಗುಳ್ಳೆ ಹೋದ ಮೇಲೂ ಕಂದು ಕಲೆ ದೀಪಾವಳಿ ತನಕ ಇತ್ತು.

ಬೇರೆ ಮಾಡುವುದು ಹೀಗೆ. ಗೋಲ್ಡನ್ ಅಲೆಕ್ಸಾಂಡರ್ಸ್ ಹೂ ಬಿಡುವುದು ಏಪ್ರಿಲ್ ಕೊನೆಯಿಂದ ಜೂನ್ ಒಳಗೆ, ಎತ್ತರ ಮೂರು ಅಡಿ ಮೀರುವುದಿಲ್ಲ, ಎಲೆ ಮೂರು ಮೂರಾಗಿ ಒಡೆಯುತ್ತದೆ. ಪಾರ್ಸ್ನಿಪ್ ಹೂ ಜೂನ್, ಜುಲೈನಲ್ಲಿ ಜೋರು, ಗಿಡ ನಾಲ್ಕೈದು ಅಡಿ, ದಂಟಿನ ಉದ್ದಕ್ಕೂ ಗೀರು ಗೀರು, ಒಂದೇ ಕಡ್ಡಿಯ ಎರಡೂ ಕಡೆ ಐದರಿಂದ ಹದಿನೈದು ಎಲೆ. ಅನುಮಾನ ಇದ್ದರೆ ಮುಟ್ಟಲೇಬೇಡಿ. ರಸ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆದು, ಆ ಜಾಗಕ್ಕೆ ಬಿಸಿಲು ಬೀಳದಂತೆ ಮುಚ್ಚಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದೊಂದು ಗಿಡವನ್ನು ಎಲ್ಲಕ್ಕಿಂತ ಮೊದಲು ಕಲಿತುಕೊಳ್ಳಿ.

ಹೆಜ್ಜೆ 3: ಎಲೆ ನೋಡಿ, ಮುಟ್ಟಿ

ಈಗ ಸೂರ್ಯಕಾಂತಿಯಂಥವು. ತಲೆ ಎತ್ತಬೇಡಿ, ಕೆಳಗೆ ನೋಡಿ. ಎಲೆ ಎಲ್ಲಿವೆ? ಬುಡದಲ್ಲೋ, ದಂಟಿನ ಮೇಲೋ? ಎದುರುಬದುರು ಜೋಡಿಯಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ? ಮುಟ್ಟಿದರೆ ಹೇಗಿದೆ?

ಜುಲೈನ ಎತ್ತರದ ಹಳದಿಯಲ್ಲಿ ಸಿಲ್ಫಿಯಂ ಅನ್ನುವ ಒಂದೇ ಮನೆಯ ನಾಲ್ಕು ಗಿಡ ಇವೆ. ಹೂ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ, ಎಲೆ ಮಾತ್ರ ನಾಲ್ಕು ಥರ. ಈ ನಾಲ್ಕನ್ನು ಕಲಿತರೆ ಉಳಿದವು ತಾವಾಗೇ ಬರುತ್ತವೆ.

ಮೊದಲನೆಯದು ಕಂಪಾಸ್ ಪ್ಲಾಂಟ್. ದೀವಿಹಲಸಿನ ಎಲೆಯ ಹಾಗೆ ಆಳವಾಗಿ ಸೀಳಿದ ದೊಡ್ಡ ಎಲೆ. ಬುಡದ ಎಲೆಗಳು ಮಲಗಿರುವುದಿಲ್ಲ, ಅಂಚಿನ ಮೇಲೆ ನೆಟ್ಟಗೆ ನಿಂತಿರುತ್ತವೆ. ಅಂಚು ಉತ್ತರ ದಕ್ಷಿಣಕ್ಕೆ, ಮುಖ ಪೂರ್ವ ಪಶ್ಚಿಮಕ್ಕೆ. ಬೆಳಗಿನ, ಸಂಜೆಯ ಬಿಸಿಲು ಪೂರ್ತಿ ಸಿಗುತ್ತದೆ, ನಡುಮಧ್ಯಾಹ್ನದ ಉರಿ ಅಂಚಿಗಷ್ಟೇ ತಾಗುತ್ತದೆ, ನೀರು ಉಳಿಯುತ್ತದೆ. ಫೋನಿನ ದಿಕ್ಸೂಚಿ ತೆಗೆದು ಹಿಡಿದು ನೋಡಿ. ಪ್ರತಿ ಎಲೆಯೂ ಕರಾರುವಾಕ್ಕಾಗಿ ನಿಲ್ಲುವುದಿಲ್ಲ, ಆದರೆ ನಾಲ್ಕಾರು ಎಲೆ ನೋಡಿದರೆ ದಿಕ್ಕು ತಿಳಿಯುತ್ತದೆ. ಇದರ ಬೇರು 15 ಅಡಿ ಆಳದ ತನಕ ಇಳಿಯಬಲ್ಲದು. ದಂಟಿನ ಮೇಲೆ ಬಿಳಿ ಒರಟು ರೋಮ. ಗಾಯವಾದಲ್ಲಿ ಅಂಟು ಜಿನುಗುತ್ತದೆ, ಹಿಂದೆ ಇಲ್ಲಿನ ಮಕ್ಕಳು ಅದನ್ನು ಚ್ಯೂಯಿಂಗ್ ಗಮ್ ಹಾಗೆ ಅಗಿಯುತ್ತಿದ್ದರು.

ಎರಡನೆಯದು ಪ್ರೇರಿ ಡಾಕ್. ತೇಗದ ಎಲೆ ನೆನಪಿಸಿಕೊಳ್ಳಿ, ಅಷ್ಟು ದೊಡ್ಡದು, ಅಷ್ಟೇ ಒರಟು. ಎಲ್ಲ ಎಲೆಯೂ ಬುಡದಲ್ಲೇ. ಅಲ್ಲಿಂದ ಒಂದು ಬೋಳು ನುಣುಪು ದಂಟು ಹತ್ತಡಿಯ ತನಕ ಏರಿ ತುದಿಯಲ್ಲಿ ಹೂ. ಸುಡು ಮಧ್ಯಾಹ್ನ ಈ ಎಲೆಯ ಮೇಲೆ ಅಂಗೈ ಇಡಿ. ತಣ್ಣಗಿರುತ್ತದೆ. ಆಳದ ಬೇರು ಎಳೆದ ನೀರು ಎಲೆಯಿಂದ ಆವಿಯಾಗುತ್ತಿರುವ ತಂಪು ಅದು, ನಮ್ಮ ಮಣ್ಣಿನ ಹೂಜಿ ತಣ್ಣಗಿರುವ ಲೆಕ್ಕವೇ.

ಮೂರನೆಯದು ಕಪ್ ಪ್ಲಾಂಟ್. ದಂಟು ಚೌಕ. ಎದುರುಬದುರು ಎರಡು ಎಲೆಗಳು ಬುಡದಲ್ಲಿ ಕೂಡಿಕೊಂಡು ದಂಟಿನ ಸುತ್ತ ದೊನ್ನೆ ಆಗಿರುತ್ತವೆ. ಮಳೆ ಬಂದ ಮಾರನೇ ದಿನ ಹೋಗಿ ಇಣುಕಿ ನೋಡಿ. ದೊನ್ನೆಯಲ್ಲಿ ಎರಡು ಮೂರು ಚಮಚ ನೀರು, ಅದರಲ್ಲಿ ಬಿದ್ದ ಒಂದೆರಡು ಎಸಳು, ಮುಳುಗಿದ ಸಣ್ಣ ಹುಳ. ಗೋಲ್ಡ್‌ಫಿಂಚ್ ಹಕ್ಕಿ ಬಂದು ಎಲೆಯ ಅಂಚಿನ ಮೇಲೆ ಕೂತು ಕುಡಿಯುತ್ತದೆ. ಇದು ಒದ್ದೆ ನೆಲದ ಗಿಡ, ತೋಡಿನ ಪಕ್ಕ ಹುಡುಕಿ.

ನಾಲ್ಕನೆಯದು ರೋಸಿನ್‌ವೀಡ್. ಎಲೆ ಜೋಡಿಯಾಗಿವೆ, ತೊಟ್ಟಿಲ್ಲದೆ ದಂಟಿಗೆ ಅಂಟಿವೆ, ಆದರೆ ದೊನ್ನೆ ಇಲ್ಲ. ದಂಟು ದುಂಡು.

ಸಿಲ್ಫಿಯಂ ಬಿಟ್ಟರೆ ಕೈಗೆ ಕೂಡಲೇ ತಿಳಿಯುವುದು ಬ್ಲ್ಯಾಕ್ ಐಡ್ ಸೂಸನ್. ಎಲೆ, ದಂಟು ಎರಡರ ಮೇಲೂ ಕುಂಬಳದ ಬಳ್ಳಿಯ ಹಾಗೆ ಚುಚ್ಚುವ ರೋಮ. ಪ್ರೇರಿ ಕೋರಿಯಾಪ್ಸಿಸ್ ಎಲೆ ಕೋಳಿಯ ಪಾದದ ಹಾಗೆ ಮೂರಾಗಿ ಸೀಳಿದೆ. ಹೂ ನೋಡಿದರೆ ಹುಚ್ಚೆಳ್ಳು ಹೊಲ ಕಣ್ಣ ಮುಂದೆ ಬರುತ್ತದೆ, ಸಾಮಾನ್ಯವಾಗಿ ಎಂಟು ಎಸಳು.

ಹೆಜ್ಜೆ 4: ದಂಟಿನ ಮೇಲೆ ಬೆರಳಾಡಿಸಿ

ನಿಜವಾದ ಕಾಡು ಸೂರ್ಯಕಾಂತಿಗಳೂ ಇಲ್ಲಿ ಹಲವು. ನಮ್ಮ ಹೊಲದ ಸೂರ್ಯಕಾಂತಿಯ ತವರೇ ಈ ಖಂಡ ಅಲ್ವಾ, ಇವೆಲ್ಲ ಅದರ ದಾಯಾದಿಗಳು. ಜಾಸ್ತಿ ಕಾಣುವುದು ಸಾಟೂತ್ ಸೂರ್ಯಕಾಂತಿ. ಗರಗಸದ ಹಲ್ಲಿನಂಥ ಅಂಚಿನ ಎಲೆ, ಕೆಂಪು ದಂಟಿನ ಸೊಪ್ಪಿನ ಬಣ್ಣದ ನುಣುಪು ದಂಟು, ಅದರ ಮೇಲೆ ದ್ರಾಕ್ಷಿಯ ಮೇಲಿರುವಂಥ ಬೂದಿ. ಹೆಬ್ಬೆರಳಿನಿಂದ ಉಜ್ಜಿದರೆ ಅದು ಅಳಿಸಿ ಹೋಗುತ್ತದೆ. ಪಶ್ಚಿಮದ ಒಣ ಪ್ರೇರಿಗಳಲ್ಲಿ ಮ್ಯಾಕ್ಸಿಮಿಲಿಯನ್ ಸೂರ್ಯಕಾಂತಿ ಸಿಗುತ್ತದೆ. ಅದರ ದಂಟು ಒರಟು, ಎಲೆ ಉದ್ದಕ್ಕೆ ದೋಣಿಯ ಹಾಗೆ ಮಡಚಿ ಕೆಳಗೆ ಬಾಗಿರುತ್ತದೆ.

ಒದ್ದೆ ನೆಲದಲ್ಲಿ, ಆಗಸ್ಟ್ ಆದ ಮೇಲೆ, ದಂಟಿನ ಉದ್ದಕ್ಕೂ ತೆಳು ಹಸಿರು ರೆಕ್ಕೆ ಅಂಟಿದ ಹಾಗಿದ್ದು ಎಸಳಿನ ತುದಿಯಲ್ಲಿ ಮೂರು ಕಚ್ಚು ಇದ್ದರೆ ಅದು ಸ್ನೀಜ್‌ವೀಡ್.

ಹೆಜ್ಜೆ 5: ಈಗ ಹೂವಿಗೆ ಬನ್ನಿ

ಮೊದಲು ನಡುವಿನ ತಟ್ಟೆ. ಚಪ್ಪಟೆಯೋ, ಗುಮ್ಮಟವೋ, ಉದ್ದನೆ ಗುಬಟೋ? ಬ್ಲ್ಯಾಕ್ ಐಡ್ ಸೂಸನ್‌ಗೆ ಕಾಫಿಬೀಜದ ಬಣ್ಣದ ಗುಮ್ಮಟ. ಗ್ರೇ ಹೆಡೆಡ್ ಕೋನ್‌ಫ್ಲವರ್‌ಗೆ ಬೂದು ಹಸಿರಿನ ಉದ್ದನೆ ಗುಬಟು, ದಿನ ಕಳೆದಂತೆ ಕಂದಾಗುತ್ತದೆ. ಎಸಳುಗಳು ನೇತುಬಿದ್ದು ಬ್ಯಾಡ್ಮಿಂಟನ್ ಕಾಕಿನ ಹಾಗೆ ಕಾಣುತ್ತದೆ. ಒಣಗಿದ ಗುಬಟನ್ನು ಎರಡು ಬೆರಳಲ್ಲಿ ಹಿಸುಕಿ ಮೂಸಿ, ಹೋಟೆಲಿನಲ್ಲಿ ಊಟವಾದ ಮೇಲೆ ಕೊಡುವ ಸೋಂಪಿನ ವಾಸನೆ. ಈ ಗುರುತು ಎಂದೂ ಮೋಸ ಮಾಡಿಲ್ಲ.

ಆಮೇಲೆ ಸೂಕ್ಷ್ಮದ ಕೆಲಸ. ಸೂರ್ಯಕಾಂತಿಯಲ್ಲಿ ಬೀಜ ಕಟ್ಟುವುದು ನಡುವಿನ ತಟ್ಟೆಯಲ್ಲಿ, ಸುತ್ತಲಿನ ಎಸಳು ಬರೀ ಅಲಂಕಾರ. ಸಿಲ್ಫಿಯಂನಲ್ಲಿ ಇದು ತಿರುವುಮುರುವು. ನಡುವಿನ ಹೂಗಳಿಗೆ ಬೀಜವಿಲ್ಲ, ಸುತ್ತಲಿನ ಎಸಳಿನ ಬುಡದಲ್ಲಿ ಬೀಜ ಕಟ್ಟುತ್ತದೆ. ಭೂತಗನ್ನಡಿ ಹಿಡಿದು ಎಸಳಿನ ಬುಡ ನೋಡಿ. ಅಲ್ಲಿ ಹಾವಿನ ನಾಲಿಗೆಯಂತೆ ಕವಲೊಡೆದ ಹಳದಿ ಎಳೆ ಇದ್ದರೆ ಅದು ಸೂರ್ಯಕಾಂತಿ ಅಲ್ಲ. ಫಾಲ್ಸ್ ಸನ್‌ಫ್ಲವರ್ ಅನ್ನುವ ಮೂರನೆಯದಕ್ಕೂ ಈ ಎಳೆ ಇರುತ್ತದೆ, ಆದರೆ ಅದರ ಎಸಳು ಬಾಡಿದ ಮೇಲೂ ಉದುರುವುದಿಲ್ಲ, ಕಾಗದದ ಹಾಗೆ ಒಣಗಿ ಅಂಟಿಕೊಂಡೇ ಇರುತ್ತದೆ. ಅದೇ ಗಿಡದ ಹಳೇ ಹೂ ಹುಡುಕಿ ನೋಡಿ, ತಿಳಿಯುತ್ತದೆ.

ಹೂವನ್ನು ತಿರುಗಿಸಿ ಬೆನ್ನನ್ನೂ ನೋಡಿ. ಸಿಲ್ಫಿಯಂಗೆ ಅಗಲವಾದ ದಪ್ಪ ಹಸಿರು ತಗಡುಗಳು. ಸಾಟೂತ್‌ಗೆ ತೆಳ್ಳನೆ, ಚೂಪು, ಹೊರಕ್ಕೆ ಬಾಗಿದ ಎಳೆಗಳು.

ಹೆಜ್ಜೆ 6: ಸೆಪ್ಟೆಂಬರ್‌ನ ಗೋಲ್ಡನ್‌ರಾಡ್

ಇಲ್ಲಿ ಒಂದೊಂದೇ ಹೂ ನೋಡಿ ಪ್ರಯೋಜನವಿಲ್ಲ, ಅಷ್ಟು ಸಣ್ಣವು. ಗೊಂಚಲಿನ ಆಕಾರ ನೋಡಿ. ಮೇಲೆ ಮಟ್ಟಸವಾಗಿದ್ದು, ಎಲೆ ಅಗಲ, ಬೂದು ಹಸಿರು, ಚರ್ಮದಂತೆ ದಪ್ಪ ಆದರೆ ಸ್ಟಿಫ್ ಗೋಲ್ಡನ್‌ರಾಡ್. ಮಟ್ಟಸ, ಆದರೆ ಎಲೆ ಹುಲ್ಲಿನಂತೆ ಸಣ್ಣ ಆದರೆ ಗ್ರಾಸ್ ಲೀವ್ಡ್. ಉರಿಯುವ ಪಂಜಿನಂತೆ ನೆಟ್ಟಗಿದ್ದು ದಂಟು ಕೆಂಪಾಗಿದ್ದರೆ ಷೋಯಿ. ಗೊಂಚಲು ಗೋಪುರದ ಆಕಾರದಲ್ಲಿ ಕೊಂಬೆ ಬಾಗಿಸಿ, ಕೊಂಬೆಯ ಮೇಲ್ಭಾಗದಲ್ಲಷ್ಟೇ ಹೂ ಸಾಲು ಹಿಡಿದಿದ್ದರೆ ಕೆನಡಾ ಗೋಲ್ಡನ್‌ರಾಡ್ ಅಥವಾ ಅದರ ಜೊತೆಯ ಟಾಲ್ ಗೋಲ್ಡನ್‌ರಾಡ್. ಅದರ ದಂಟಿನಲ್ಲಿ ನಿಂಬೆಕಾಯಿಯಂಥ ಗಂಟು ಕಂಡರೆ ಗಿಡಕ್ಕೆ ರೋಗ ಅಂದುಕೊಳ್ಳಬೇಡಿ. ಒಂದು ಸಣ್ಣ ನೊಣದ ಮರಿ ಒಳಗೆ ಮನೆ ಮಾಡಿಕೊಂಡಿದೆ, ಚಳಿಗಾಲ ಪೂರ್ತಿ ಅಲ್ಲೇ ಇರುತ್ತದೆ.

ಈ ಗಿಡದ ಮೇಲೆ ಒಂದು ಸುಳ್ಳು ಅಪವಾದ ಇದೆ, ಅದನ್ನು ಕೇಳಿದಾಗೆಲ್ಲ ಬೇಜಾರಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಎಲ್ಲರೂ ಸೀನುತ್ತಾರೆ, ಕಣ್ಣಿಗೆ ಕಾಣುವುದು ಗೋಲ್ಡನ್‌ರಾಡ್, ಹಾಗಾಗಿ ತಪ್ಪು ಅದರದು ಅಂತ ಕಿತ್ತು ಹಾಕುತ್ತಾರೆ. ಗೋಲ್ಡನ್‌ರಾಡ್ ಪರಾಗ ಭಾರ, ಅಂಟು. ಅದನ್ನು ಹೊರುವುದು ಜೇನು, ದುಂಬಿ. ಸೀನು ಬರಿಸುವುದು ಅದೇ ಹೊತ್ತಿಗೆ ಪಕ್ಕದಲ್ಲೇ ಹೂ ಬಿಡುವ ರ‍್ಯಾಗ್‌ವೀಡ್. ಹೂ ಹಸಿರು, ಕಣ್ಣಿಗೇ ಬೀಳುವುದಿಲ್ಲ, ಪರಾಗ ಗಾಳಿಯಲ್ಲಿ ಹಾರುತ್ತದೆ. ಅದರ ಎಲೆ ನಮ್ಮ ಪಾರ್ಥೇನಿಯಂ ಎಲೆಯ ಹಾಗೇ ಇರುತ್ತದೆ, ಊರಿನಲ್ಲಿ ಖಾಲಿ ಸೈಟು ನೋಡಿದವರಿಗೆ ಗುರುತು ಸಿಕ್ಕೇ ಸಿಗುತ್ತದೆ.

ಹೆಜ್ಜೆ 7: ಫೋಟೋ, ನೋಟ್‌ಬುಕ್

ಫೋಟೋ ನೋಡಿ ಗಿಡದ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್ ಆ್ಯಪ್ ಬಳಸಿ, ಆದರೆ ಹೂವಿನದೊಂದೇ ಫೋಟೋ ಹಾಕಿದರೆ ಅದೂ ತಪ್ಪುತ್ತದೆ. ನಾಲ್ಕು ತೆಗೆಯಿರಿ: ಪೂರ್ತಿ ಗಿಡ, ಎಲೆ ದಂಟಿಗೆ ಸೇರುವ ಜಾಗ, ಹೂವಿನ ಎದುರು, ಹೂವಿನ ಬೆನ್ನು. ವಾಸನೆ, ಒರಟು, ತಂಪು ಇವು ಫೋಟೋದಲ್ಲಿ ಬರುವುದಿಲ್ಲ, ಅಲ್ಲೇ ನಿಂತು ಬರೆದುಕೊಳ್ಳಿ. ನನ್ನ ಒಂದು ಪುಟ ಹೀಗಿದೆ: "ಆಗಸ್ಟ್ 3. ತಲೆಗಿಂತ ಎತ್ತರ. ದಂಟು ದುಂಡು, ನುಣುಪು, ಎಲೆ ಇಲ್ಲ. ಬುಡದಲ್ಲಿ ತೇಗ. ತಣ್ಣಗೆ." ಹೂವಿನ ಬಗ್ಗೆ ಒಂದು ಪದವೂ ಇಲ್ಲ, ಆದರೂ ಪ್ರೇರಿ ಡಾಕ್ ಬಿಟ್ಟು ಬೇರೆ ಯಾವುದೂ ಇದಕ್ಕೆ ಹೊಂದುವುದಿಲ್ಲ.

ಹತ್ತು ಜಾಗ ಸುತ್ತುವ ಬದಲು ಒಂದೇ ಕಾಲುದಾರಿಗೆ ಎರಡು ವಾರಕ್ಕೊಮ್ಮೆ ಹೋಗಿ. ಹಿಮ ಬೀಳುವ ಮೊದಲು ಒಮ್ಮೆ ಹೋಗಿ ಒಣಗಿದ ದಂಟುಗಳನ್ನೂ ನೋಡಿ. ಕಪ್ ಪ್ಲಾಂಟ್ ಒಣಗಿದರೂ ಚೌಕವಾಗೇ ಇರುತ್ತದೆ, ಕೋನ್‌ಫ್ಲವರ್ ಗುಬಟಿನಲ್ಲಿ ಸೋಂಪು ವಾಸನೆ ಇನ್ನೂ ಇರುತ್ತದೆ. ವಸಂತ ಕಾಲದಲ್ಲಿ ಪ್ರೇರಿಗೆ ಬೆಂಕಿ ಕೊಟ್ಟು ಹಳೇ ಹುಲ್ಲು ಸುಡುತ್ತಾರೆ. ಅದಾಗಿ ಎರಡು ಮೂರು ವಾರಕ್ಕೆ ಹೋದರೆ ಕಪ್ಪು ನೆಲದ ಮೇಲೆ ಎಲೆಗಳಷ್ಟೇ ಎದ್ದಿರುತ್ತವೆ. ಆಗ ಒಂದು ಹೂವೂ ಇಲ್ಲದೆ ಆ ನಾಲ್ಕು ಸಿಲ್ಫಿಯಂಗಳನ್ನು ಹುಡುಕಿ ನೋಡಿ.